ಬೇಡವೆಂದವಳ ವಕಾಲತ್ತು

ನಾನು ವಾದ ಮಾಡಿ ಗೆದ್ದ ಮೊದಲ ಕಕ್ಷಿದಾರಳು ಸತ್ತು ನೂರು ವರ್ಷ ದಾಟಿತ್ತು. ಗೆದ್ದದ್ದು ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ಒಂದು ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಮಡಚುವ ಕುರ್ಚಿಗಳಲ್ಲಿ ಕೂತ ಮುದುಕ ಮುದುಕಿಯರ ಎದುರಿಗೆ. ಚಪ್ಪಾಳೆ ಬಿತ್ತು, ಆಮೇಲೆ ಇಲ್ಲಿಯವರ ಪದ್ಧತಿಯಂತೆ ಫಿಕಾ ಎಂದು ಕಾಫಿಯೂ ಏಲಕ್ಕಿ ಬನ್ನೂ ಬಂದವು. ಎರಡನೆಯ ಕಕ್ಷಿದಾರಳು ಜೀವಂತ ಇದ್ದಳು, ನಮ್ಮ ಕನ್ನಡದವಳೇ, ಅಕ್ಕಾ ಎಂದು ಬಾಯ್ತುಂಬ ಕರೆಯುತ್ತಿದ್ದಳು. ಅವಳ ಕೇಸನ್ನೂ ಗೆದ್ದೆ. ಆ ಗೆಲುವಿನ ಪಾಪ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಬೆಂಗಳೂರಿನಲ್ಲಿ ಕಾನೂನು ಓದಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದವಳು. ಜೂನಿಯರ್ ಎಂದರೆ ಅವರ ಫೈಲು ಹೊರುವುದು, ಮುಂದಿನ ತಾರೀಖು ಕೇಳಿಕೊಂಡು ಬರುವುದು. ಇನ್ನೇನು ಬಾಯಿ ಬಿಡುವ ಅವಕಾಶ ಬಂತು ಎನ್ನುವಾಗ ಮದುವೆಯಾಯಿತು, ಗಂಡನಿಗೆ ಸ್ವೀಡನ್ನಿನಲ್ಲಿ ಕೆಲಸ ಸಿಕ್ಕಿತು, ಕರಿ ಕೋಟು ಸೂಟ್‌ಕೇಸಿನ ತಳ ಸೇರಿತು. ಇಲ್ಲಿ ನನ್ನ ಡಿಗ್ರಿ ತೋರಿಸಿದರೆ ಎಲ್ಲರೂ ಬಹಳ ಚೆನ್ನಾಗಿದೆ ಎಂದು ನಗುತ್ತಿದ್ದರು, ಅಷ್ಟೇ. ನನ್ನದೋ ಸುಮ್ಮನಿರುವ ಬಾಯಲ್ಲ. ಈ ಹುಡುಗಿ ಬಾಯಿಗೆ ಬೀಗ ಹಾಕಿದರೆ ಬೀಗವೇ ಮಾತಾಡುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅಂಥವಳು ಭಾಷೆ ಬರದ ಊರಿನಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೂತೆ. ನಾಲಿಗೆಗೆ ಸ್ವೀಡಿಷ್ ಹತ್ತಿದ ಕೂಡಲೇ ಯಾರ ಪರವಾಗಿಯಾದರೂ ಸರಿ, ವಾದಿಸಬೇಕು ಅನ್ನಿಸತೊಡಗಿತು.

ಇಲ್ಲಿಯವರಿಗೆ ಎಲ್ಲದಕ್ಕೂ ಒಂದು ಅಧ್ಯಯನ ಬಳಗ ಬೇಕು. ಹಕ್ಕಿ ನೋಡುವುದಕ್ಕೊಂದು, ಸ್ವೆಟರ್ ಹೆಣೆಯುವುದಕ್ಕೊಂದು. ಭಾಷೆ ಪಳಗಲಿ ಎಂದು ನಾನು ಸೇರಿದ್ದು ಹಳೆಯ ಹುಚ್ಚಾಸ್ಪತ್ರೆಗಳ ಚರಿತ್ರೆ ಓದುವ ಬಳಗಕ್ಕೆ. ಉಳಿದವರೆಲ್ಲ ನಿವೃತ್ತರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದ ಹೆಂಡತಿಗೆ ಗಂಡನೇ ಪೋಷಕ, ಅವಳು ಕೋರ್ಟಿನಲ್ಲಿ ತಾನಾಗಿ ನಿಲ್ಲುವ ಹಾಗಿರಲಿಲ್ಲ. ಗಂಡ, ಪಾದ್ರಿ, ವೈದ್ಯ ಮೂವರೂ ಒಂದಾದರೆ ಅವಳು ಒಳಗೆ. ಅಂಥ ಹೆಂಗಸರ ಪರವಾಗಿ ಅರ್ಜಿ ಹಾಕಿ, ಕಚೇರಿ ಕಚೇರಿ ಅಲೆದ ವಕೀಲರೂ ಅಲ್ಲಲ್ಲಿ ಇದ್ದರು. ಓದುತ್ತಾ ಹೋದಂತೆ ನನ್ನ ರಕ್ತ ಕುದಿಯುತ್ತಿತ್ತು. ಗಿರಣಿ ಮಾಲೀಕನೊಬ್ಬನ ಹೆಂಡತಿ ಒಂದು ಭಾನುವಾರ ಚರ್ಚಿನಿಂದ ಎದ್ದು ಮನೆಗೆ ಬರಲೊಲ್ಲೆ ಎಂದು ಬೆಂಚಿನ ಮೇಲೇ ಕೂತುಬಿಟ್ಟಳಂತೆ. ಅಷ್ಟಕ್ಕೇ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಬಳಗದ ಕೊನೆಯ ದಿನ ಆ ನೆಲಮಾಳಿಗೆಯಲ್ಲಿ ಅವಳ ಪರ ಒಂದು ಅಣಕು ವಿಚಾರಣೆ ನಡೆಸಿದೆವು. ವಕೀಲೆ ನಾನೇ. ತಳದಲ್ಲಿದ್ದ ಕರಿ ಕೋಟು ಇಸ್ತ್ರಿ ಕಂಡಿತು. ನನ್ನ ಹರಕು ಮುರುಕು ಸ್ವೀಡಿಷ್‌ನಲ್ಲಿ ಮೇಜು ಗುದ್ದಿ ಕೇಳಿದೆ, ಬೆಂಚಿನ ಮೇಲೆ ಕೂರುವುದು ಯಾವ ಕಾಯಿಲೆ ಎಂದು. ಮುದುಕಿಯೊಬ್ಬರು ಕಣ್ಣು ಒರೆಸಿಕೊಂಡರು.

ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬ ಹೆಂಗಸಿದ್ದಳು. ಯಾರೋ ಪುಣ್ಯಾತ್ಮರು ಹೋರಾಡಿ ಅವಳನ್ನು ಬಿಡಿಸಿದ್ದರು. ಅವಳು ಚಳಿಗಾಲದಲ್ಲಿ ನಡೆದುಕೊಂಡು ವಾಪಸು ಬಂದು, ಒಳಗೆ ಸೇರಿಸಿಕೊಳ್ಳಿ ಎಂದು ಬಾಗಿಲು ತಟ್ಟಿದ್ದಳು. ತಯಾರಿಯ ವೇಳೆ ಬಳಗದಲ್ಲಿ ಒಬ್ಬರು ಅವಳ ಕತೆಯನ್ನೂ ವಿಚಾರಣೆಯಲ್ಲಿ ತರೋಣವೇ ಎಂದು ಕೇಳಿದ್ದರು. ಬೇಡ, ವಾದ ದುರ್ಬಲವಾಗುತ್ತದೆ ಎಂದವಳು ನಾನೇ. ವಾಪಸು ಬಂದವಳನ್ನು ಇಟ್ಟುಕೊಂಡು ಯಾರ ಎದುರು ಗೆಲ್ಲುವುದು? ಎಲ್ಲರೂ ಒಪ್ಪಿದ್ದರು.

ಈ ಅಮಲು ಇಳಿಯುವ ಮೊದಲೇ ನಮ್ಮ ಕನ್ನಡದವರ ನಡುವೆ ಒಂದು ಗುಸುಗುಸು ಹಬ್ಬಿತು. ಹುಬ್ಬಳ್ಳಿ ಕಡೆಯಿಂದ ಬಂದ ಒಬ್ಬ ಇಂಜಿನಿಯರನ ಹೆಂಡತಿಯನ್ನು ಮಾನಸಿಕ ಆಸ್ಪತ್ರೆಗೆ ಹಾಕಿದ್ದಾರಂತೆ, ಕೈಗೂಸು ಮನೆಯಲ್ಲಿದೆಯಂತೆ, ಅತ್ತೆ ಊರಿಂದ ಬಂದು ಕೂತಿದ್ದಾರಂತೆ. ಅಷ್ಟು ಸಾಕಾಯಿತು ನನಗೆ. ಗಂಡ, ಅತ್ತೆ, ಬೀಗ. ಗಿರಣಿ ಮಾಲೀಕ ಎದ್ದು ಬಂದಿದ್ದ.

ನಿಜದಲ್ಲಿ ಆದದ್ದು ಇಷ್ಟು. ಹೆರಿಗೆಯಾದ ಮೇಲೆ ಅವಳಿಗೆ ನಿದ್ದೆ ಬಾರದಾಯಿತು, ಊಟ ಸೇರದೆ ಹೋಯಿತು, ಕೊನೆಗೆ ಮಾತೂ ನಿಂತಿತು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟವಳು ಮನೆಯ ಚಪ್ಪಲಿಯಲ್ಲೇ ಹಿಮದಲ್ಲಿ ನಡೆದುಹೋಗಿ ಕೆರೆಯ ದಂಡೆಯಲ್ಲಿ ಕೂತಿದ್ದಳು. ಇಲ್ಲಿನವರು ಅದನ್ನು ಸರೋವರ ಎನ್ನುತ್ತಾರೆ, ಆಚೆ ದಡ ಕಾಣದಷ್ಟು ದೊಡ್ಡದು. ನಾಯಿ ತಿರುಗಾಡಿಸುತ್ತಿದ್ದ ಯಾರೋ ನೋಡಿ ಪೊಲೀಸರಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದು ವೈದ್ಯರ ತೀರ್ಮಾನ. ಗಂಡನ ಸಹಿ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಇದೆಲ್ಲ ನನಗೆ ಆಗಲೇ ಗೊತ್ತಿತ್ತು, ಕಾನೂನು ಓದಿದವಳಲ್ಲವೇ. ಗೊತ್ತಿದ್ದೂ ಮನಸ್ಸಿನಲ್ಲಿ ಸಹಿ ಅವನದೇ ಎಂದು ಇಟ್ಟುಕೊಂಡೆ.

ತಮ್ಮ ಇಷ್ಟಕ್ಕೆ ವಿರುದ್ಧವಾಗಿ ಆಸ್ಪತ್ರೆಯಲ್ಲಿ ಇರಬೇಕಾದವರಿಗೆ ಇಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ರೋಗಿ ಬಯಸಿದರೆ ಹೊರಗಿನವರೊಬ್ಬರನ್ನು ಜೊತೆಗಾರರು ಎಂದು ನೇಮಿಸುತ್ತಾರೆ. ಬಂದು ಮಾತಾಡಿಸಬಹುದು, ವಿಚಾರಣೆಯಾದರೆ ಪಕ್ಕದಲ್ಲಿ ಕೂರಬಹುದು. ಕನ್ನಡ ಬರುವವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದರು. ನಾನಿದ್ದೇನೆ ಎಂದು ಓಡಿದೆ.

ಸಣ್ಣ ಹುಡುಗಿ. ಆಸ್ಪತ್ರೆಯ ಅಂಗಿಯ ಮೇಲೆ ತನ್ನದೇ ಶಾಲು ಹೊದ್ದು ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಮೊದಲ ಸಲ ಹೋದಾಗ ಬರೀ ನೋಡಿದಳು. ಆಮೇಲಾಮೇಲೆ ಮಾತು ಬಂತು. ನಮ್ಮ ಬೆಂಗಳೂರಿನ ಕನ್ನಡವೇ, ಹುಬ್ಬಳ್ಳಿಯದನ್ನು ಒಳಗಿಟ್ಟು ಹೊರಗೆ ಹಾಕಿಕೊಳ್ಳುವ ಕನ್ನಡ. ಇಲ್ಲಿ ಎಲ್ಲ ಕಡೆಯವರೂ ಸೇರುವ ಜಾಗದಲ್ಲಿ ಆ ಕಡೆಯ ಹೆಣ್ಣುಮಕ್ಕಳು ಹಾಗೇ ಮಾತಾಡುತ್ತಾರೆ, ಯಾರೂ ನಗದಿರಲಿ ಎಂದು. ನಾನು ಬಸ್ಸು ಹಿಡಿದು ಡಬ್ಬಿಯಲ್ಲಿ ಹುಳಿಯನ್ನ, ಮೊಸರನ್ನ ಒಯ್ಯುತ್ತಿದ್ದೆ. ಅವಳು ಸಾಕು ಅಕ್ಕಾ, ಯಾಕೆ ತೊಂದರೆ ತಗೊಂಡಿರಿ ಎನ್ನುವಳು. ನಾನು ಇನ್ನೊಂದು ಸೌಟು ಹಾಕುವೆ. ಅವಳು ತಿನ್ನುವಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಸಾಕು ಎಂದರೆ ಯಾರೂ ನಂಬುವುದಿಲ್ಲ. ಎಲೆಗೆ ಅಡ್ಡ ಕೈ ಹಿಡಿದವರ ಕೈ ಸರಿಸಿ ಬಡಿಸುವುದೇ ಮರ್ಯಾದೆ. ಬೇಡ ಎಂದ ಕೂಡಲೇ ಬಿಟ್ಟುಹೋದರೆ ಬಡಿಸುವವಳ ಮನಸ್ಸು ಚಿಕ್ಕದು ಎನ್ನುತ್ತಾರೆ. ನನ್ನ ಅಮ್ಮ ಇದರಲ್ಲಿ ಪಳಗಿದ ಕೈ, ನೆಂಟರು ಎದ್ದು ಓಡಬೇಕು ಅಷ್ಟು. ನಾನು ಅವಳ ಮಗಳು. ಬೇಡ ಎನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಇರುವುದನ್ನೇ ಪ್ರೀತಿ ಎಂದು ಕಲಿತು ಬೆಳೆದವಳು.

ವಿಚಾರಣೆಯ ಸುದ್ದಿ ಬಂತು. ವೈದ್ಯರು ಇನ್ನೂ ಕೆಲವು ವಾರ ಇಟ್ಟುಕೊಳ್ಳಲು ಕೋರ್ಟಿನ ಒಪ್ಪಿಗೆ ಕೇಳಿದ್ದರು. ನಾನು ಅವಳಿಗೆ ವಿಷಯ ತಿಳಿಸಿ, ನಿನ್ನನ್ನು ಇಲ್ಲಿಂದ ಬಿಡಿಸುತ್ತೇವೆ ಎಂದೆ. ಈ ರಗಳೆ ಎಲ್ಲಾ ಬೇಡ ಅಕ್ಕಾ, ಇರಲಿ ಬಿಡಿ ಅಂದಳು. ನನಗೆ ತೊಂದರೆಯಾಗುತ್ತದೆ ಎಂಬ ಸಂಕೋಚ ಎಂದುಕೊಂಡೆ. ಮುಂದಿನ ಸಲ ಮತ್ತೆ ಹಾಗೇ ಅಂದಳು. ಮನೆಯವರ ಹೆದರಿಕೆ ಎಂದುಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ವೈದ್ಯರಿಗೆ ಹೇಳಬೇಕಾದ ಮಾತುಗಳನ್ನು ಸ್ವೀಡಿಷ್‌ನಲ್ಲಿ ಜೋಡಿಸಿಕೊಳ್ಳುತ್ತಿದ್ದೆ.

ವಿಚಾರಣೆ ಆಸ್ಪತ್ರೆಯ ಒಂದು ಮೀಟಿಂಗ್ ಕೋಣೆಯಲ್ಲೇ ನಡೆಯಿತು. ಉದ್ದ ಮೇಜು, ನೀರಿನ ಜಗ್ಗು, ಕಾಗದದ ಕರವಸ್ತ್ರದ ಡಬ್ಬಿ. ನ್ಯಾಯಾಧೀಶರು ಸ್ವೆಟರ್ ಹಾಕಿಕೊಂಡಿದ್ದರು. ಅವಳಿಗೆಂದು ಸರ್ಕಾರ ನೇಮಿಸಿದ ವಕೀಲೆ ಒಬ್ಬ ನರೆತ ಕೂದಲಿನ, ಮೆತ್ತಗಿನ ಮಾತಿನ ಹೆಂಗಸು. ಕನ್ನಡದ ದುಭಾಷಿ ಸಿಕ್ಕಿರಲಿಲ್ಲ, ಫೋನಿನಲ್ಲಿ ಹಿಂದಿಯವರೊಬ್ಬರಿದ್ದರು, ಇವಳ ಹಿಂದಿಯೋ ಅಷ್ಟಕ್ಕಷ್ಟೇ. ಹಾಗಾಗಿ ಮಾತೆಲ್ಲ ನನ್ನ ಮೂಲಕವೇ ಹಾಯಬೇಕಾಯಿತು. ಒಳಗೆ ಹೋಗುವ ಮುಂಚೆ ಆ ವಕೀಲೆ ನನ್ನನ್ನು ಪಕ್ಕಕ್ಕೆ ಕರೆದು, ಅವಳಿಗೆ ಏನು ಬೇಕು ಎಂದು ಸರಿಯಾಗಿ ಕೇಳಿ ಹೇಳಿ ಅಂದರು. ಮನೆಗೆ ಹೋಗಬೇಕೆಂದರೆ ಅದನ್ನೇ ವಾದಿಸುವೆ, ತಾನಾಗಿ ಇಷ್ಟಪಟ್ಟು ಇನ್ನಷ್ಟು ದಿನ ಇಲ್ಲೇ ಇರುತ್ತೇನೆ ಎಂದರೆ ಅದಕ್ಕೂ ದಾರಿ ಇದೆ, ಯಾವುದಾದರೂ ಸರಿ ಅಂದರು.

ಸ್ವಂತ ಸಾಕ್ಷಿಗೆ ಉತ್ತರವನ್ನು ಬಾಯಿಗೆ ಹಾಕಿ ಪ್ರಶ್ನೆ ಕೇಳಬಾರದು. ಕಾನೂನು ಕಾಲೇಜಿನಲ್ಲಿ ಮೊಟ್ಟಮೊದಲು ಕಲಿಸುವ ಪಾಠ ಅದು. ನಾನು ಅವಳ ಕೈ ಹಿಡಿದು ಕೇಳಿದೆ:

“ಮನೆಗ್ ಹೋಗ್ಬೇಕು ತಾನೇ? ಪಾಪು ಕಾಯ್ತಾ ಇದೆ ಅಲ್ವಾ?”

ಅವಳು ನನ್ನ ಮುಖ ನೋಡಿದಳು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಬಾರಿಗೆ, ತನ್ನ ಊರಿನ ಮಾತಿನಲ್ಲಿ ಮಾತಾಡಿದಳು.

“ಬ್ಯಾಡ್ರೀ ಅಕ್ಕಾರ. ನನ್ನ ಇನ್ನೊಂದೀಟು ದಿನ ಇಲ್ಲೇ ಇರಾಕ ಬಿಡ್ರಿ. ಇಲ್ಲೆ ನಿದ್ದಿ ಬರ್ತದ. ಇಲ್ಲೆ ಯಾರೂ ನನಗ ಏನೂ ಕೇಳಂಗಿಲ್ಲ.”

ಕೇಳಿಸಿತು ನನಗೆ. ಕೇಳಿಸಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೆಯೂ ಇಲ್ಲ. ಅದು ಎಲೆಗೆ ಅಡ್ಡ ಕೈ ಹಿಡಿಯುವ ಬೇಡ ಅಲ್ಲ, ಹೊಟ್ಟೆಯೊಳಗಿಂದ ಬಂದದ್ದು ಎಂದು ಆ ಭಾಷೆಯೇ ಹೇಳುತ್ತಿತ್ತು. ಆದರೂ ನನ್ನೊಳಗೆ ಎದ್ದ ಮೊದಲ ಯೋಚನೆ ಏನು ಗೊತ್ತೇ? ಅಯ್ಯೋ ಪಾಪ, ಎಷ್ಟು ಹೆದರಿಸಿಬಿಟ್ಟಿದ್ದಾರೆ ಇವಳನ್ನು. ಎರಡನೆಯದು ಇನ್ನೂ ನಾಚಿಕೆಗೇಡಿನದು: ಇಷ್ಟೆಲ್ಲ ತಯಾರಿ ಮಾಡಿಕೊಂಡು ಬಂದಿದ್ದೇನಲ್ಲ. ಅವಳ ಕೈ ಸವರಿ, ಹೆದರಬೇಡ, ನಾನಿದ್ದೇನೆ ಎಂದೆ. ವಕೀಲೆಯ ಕಡೆ ತಿರುಗಿ, ಮಗುವಿನ ಹತ್ತಿರ ಹೋಗಬೇಕಂತೆ ಎಂದೆ.

ಒಳಗೆ ನ್ಯಾಯಾಧೀಶರು ಅವಳನ್ನೇ ನೇರವಾಗಿ ಕೇಳಿದರು, ಮನೆಗೆ ಹೋಗಲು ಇಷ್ಟವೇ ಎಂದು. ನಾನು ಕನ್ನಡದಲ್ಲಿ ಹೇಳಿ ತಲೆಯಾಡಿಸಿದೆ. ಅವಳು ನನ್ನನ್ನು ನೋಡಿ ತಾನೂ ತಲೆಯಾಡಿಸಿದಳು. ಅಷ್ಟು ದಿನ ಬಸ್ಸು ಹಿಡಿದು ಬಂದ, ಡಬ್ಬಿ ಹೊತ್ತು ತಂದ ಅಕ್ಕನ ಮಾತನ್ನು ನಾಲ್ಕು ಜನರ ಎದುರು ಹೇಗೆ ತೆಗೆದುಹಾಕುತ್ತಾಳೆ? ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ತಾವಿಲ್ಲ ಎನ್ನುತ್ತಾರೆ. ದಾಕ್ಷಿಣ್ಯ ಅವಳದು, ಹೇರಿದವಳು ನಾನು. ನನಗೂ ಎರಡು ಮಾತಿಗೆ ಅವಕಾಶ ಕೊಟ್ಟರು. ಇವಳ ಮೌನ ಕಾಯಿಲೆಯಲ್ಲ, ಭಾಷೆ ಬಾರದ ದೇಶದ ಒಂಟಿತನ, ಎಂದೆ. ಚೆನ್ನಾಗಿ ಮಾತಾಡಿದೆ. ಬಲವಂತದ ಚಿಕಿತ್ಸೆ ಮುಂದುವರಿಸಲು ಸಾಕಷ್ಟು ಕಾರಣವಿಲ್ಲ ಎಂದು ತೀರ್ಪು ಬಂತು.

ಸಂಜೆ ಕರೆದೊಯ್ಯಲು ಗಂಡ ಬಂದ. ಅವನನ್ನು ನಾನು ನೋಡಿದ್ದು ಅವತ್ತೇ. ನಾನು ಕಲ್ಪಿಸಿಕೊಂಡ ಗಿರಣಿ ಮಾಲೀಕ ಎಲ್ಲಿ, ಈ ಹುಡುಗ ಎಲ್ಲಿ! ಗಡ್ಡ ಬೆಳೆದಿತ್ತು, ಅಂಗಿಗೆ ಮಗು ಕಕ್ಕಿದ ಕಲೆ, ಕೈಯಲ್ಲಿ ಹೆಂಡತಿಯ ಹಿಮದ ಬೂಟು. ಬಗ್ಗಿ ಕೂತು ಅವಳ ಕಾಲಿಗೆ ಬೂಟು ಹಾಕಿದ. ನನಗೆ ತುಂಬಾ ಥ್ಯಾಂಕ್ಸ್ ಮೇಡಂ ಎಂದ. ಪಾಪು ರಾತ್ರಿಯೆಲ್ಲ ಅಳುತ್ತೆ, ಅಮ್ಮನಿಗೂ ಶುಗರ್, ನನಗೆ ಅಡುಗೆ ಬರಲ್ಲ, ಇವಳು ಬಂದರೆ ಸಾಕಾಗಿತ್ತು ಎಂದ. ಕೆಟ್ಟವನಲ್ಲ, ನಿಜವಾಗಿ ಸಂತೋಷಪಟ್ಟಿದ್ದ. ಅವಳು ಬೂಟಿನ ಕಡೆಯೇ ನೋಡುತ್ತಿದ್ದಳು. ಅವಳು ಬಂದರೆ ಸಾಕು ಎನ್ನುವ ಆ ಮನೆಗೆ ಅವಳನ್ನು ನಾನೇ ಗೆದ್ದು ಕೊಟ್ಟಿದ್ದೆ. ಆದರೂ ಮನೆಗೆ ಹೋಗಿ ಪಾಯಸ ಮಾಡಿದೆ.

ಆ ಮನೆಯಲ್ಲಿ ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಕೇಳಿದರು, ಅಷ್ಟೇ. ಅತ್ತೆಯ ರೊಟ್ಟಿ, ಗಂಡನ ಡಬ್ಬಿ, ಮಗುವಿನ ಹಾಲು. ಶನಿವಾರ ಬಂದರೆ ಊಟಕ್ಕೆ ಆಫೀಸಿನ ಬ್ರಹ್ಮಚಾರಿ ಹುಡುಗರು, ಏನು ಮಾಡಿದ್ದೀರಿ ಅತ್ತಿಗೆ ಎಂದು. ನಿದ್ದೆ ಮತ್ತೆ ಬಾರದಾಯಿತು. ಹಿಮ ಕರಗುವ ಮುಂಚೆಯೇ ಒಂದು ಮಧ್ಯಾಹ್ನ ಅವಳು ಮಗುವಿನ ಗಾಡಿಯನ್ನು ದಿನಸಿ ಅಂಗಡಿಯ ಮುಂದೆ ಬಿಟ್ಟು, ಬಂದ ಬಸ್ಸು ಹತ್ತಿ ಹೊರಟುಹೋದಳು. ಅಂಗಡಿಯವರು ಮಗುವನ್ನು ಒಳಗೆ ತಂದು ಬೆಚ್ಚಗಿಟ್ಟರು, ಏನೂ ಆಗಲಿಲ್ಲ. ಅವಳು ಬಸ್ಸಿನ ಕೊನೆಯ ನಿಲ್ದಾಣದಲ್ಲಿ, ಸೀಟಿನಲ್ಲೇ ನಿದ್ದೆ ಹೋದ ಸ್ಥಿತಿಯಲ್ಲಿ ಸಿಕ್ಕಳು. ಮತ್ತೆ ಆಸ್ಪತ್ರೆ.

ಈ ಸಲ ಕಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಮಗುವಿನ ವಿಷಯ ವಿಚಾರಿಸಲು ಮನೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಸಹಾಯಕ್ಕೆಂದೇ ಬರುವವರಿದ್ದರೋ ಏನೋ. ಆದರೆ ಮಕ್ಕಳನ್ನು ಕಿತ್ತುಕೊಂಡು ಬೇರೆಯವರ ಮನೆಗೆ ಕೊಟ್ಟುಬಿಡುತ್ತಾರೆ ಎನ್ನುವ ಭಯ ನಮ್ಮವರಲ್ಲಿ ಎಂಥದ್ದು ಎಂದರೆ, ಅವರು ಬರುವ ಮುನ್ನವೇ ಅತ್ತೆ ಮಗುವನ್ನು ಎತ್ತಿಕೊಂಡು ಹುಬ್ಬಳ್ಳಿಗೆ ವಿಮಾನ ಹತ್ತಿಯಾಗಿತ್ತು. ಅವಳು ಆಸ್ಪತ್ರೆಯಲ್ಲಿದ್ದಳು. ಮಗುವಿಗೆ ಮುತ್ತು ಕೊಟ್ಟು ಕಳಿಸುವುದಕ್ಕೂ ಆಗಲಿಲ್ಲ.

ನಾನು ಜೊತೆಗಾರಿಕೆಯ ಕಚೇರಿಗೆ ಫೋನ್ ಮಾಡಿ, ನಾಳೆಯಿಂದಲೇ ಬರುತ್ತೇನೆ ಎಂದೆ. ಅಲ್ಲಿದ್ದ ಹೆಂಗಸು ಹೇಳಿದಳು, ಆ ರೋಗಿಯೇ ಬೇರೆ ಯಾರನ್ನಾದರೂ ಕೊಡಿ ಎಂದು ಕೇಳಿದ್ದಾರೆ, ತಮ್ಮ ಭಾಷೆ ಬರದವರಾದರೂ ಪರವಾಗಿಲ್ಲವಂತೆ. ಒಬ್ಬ ಸ್ವೀಡಿಷ್ ಅಜ್ಜಿ ಹೋಗತೊಡಗಿದರು. ಇಬ್ಬರೂ ಒಂದು ಮಾತೂ ಆಡದೆ ಕಿಟಕಿಯ ಹತ್ತಿರ ಹೆಣಿಗೆ ಹಿಡಿದು ಕೂತಿರುತ್ತಾರಂತೆ ಎಂದು ಕೇಳಿದೆ. ಆ ರಾತ್ರಿ ನನ್ನ ಗಂಡನ ಎದುರು ಗೋಳೋ ಎಂದು ಅತ್ತುಬಿಟ್ಟೆ. ಕರಿ ಕೋಟನ್ನು ಕಸದ ಚೀಲಕ್ಕೆ ತುರುಕಿ, ಬೆಳಿಗ್ಗೆ ನಾಚಿಕೆಯಾಗಿ ಹೊರತೆಗೆದೆ. ಕೋಟು ಏನು ಮಾಡಿತ್ತು ಪಾಪ. ಚಳಿಯಲ್ಲಿ ನಡೆದು ಬಂದು ಬಾಗಿಲು ತಟ್ಟಿದ ಆ ಹಳೆಯ ಹೆಂಗಸು ನೆನಪಾದಳು. ವಾದ ದುರ್ಬಲವಾಗುತ್ತದೆ ಎಂದು ನಾನು ಹೊರಗಿಟ್ಟವಳು.

ಆ ಸಲ ಯಾರೂ ಅವಸರ ಮಾಡಲಿಲ್ಲ. ಬಹಳ ದಿನ, ತಾನಾಗಿಯೇ, ಅವಳು ಅಲ್ಲಿದ್ದಳು. ಹುಷಾರಾಗಿ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ನಾನು ಅವತ್ತು ನಿನ್ನ ಮಾತು ಕೇಳಬೇಕಿತ್ತು, ತಪ್ಪಾಯಿತು ಎಂದೆ. ಬೈಯಲಿ, ಮುಖ ತಿರುಗಿಸಲಿ, ಏನಾದರೂ ಮಾಡಲಿ ಎಂದು ಕಾದೆ. ಅಯ್ಯೋ ಬಿಡಿ ಅಕ್ಕಾ, ನೀವು ಒಳ್ಳೇದಕ್ಕೇ ಮಾಡಿದಿರಿ ಎಂದು ಕಾಫಿ ಕೊಟ್ಟಳು. ನೀಟಾದ ಬೆಂಗಳೂರು ಕನ್ನಡ. ಕಂಪ್ಯೂಟರಿನ ಪರದೆಯಲ್ಲಿ ಮಗುವನ್ನು ತೋರಿಸಿದಳು. ಗೋಡೆ ಹಿಡಿದು ನಿಲ್ಲುತ್ತಿತ್ತು. ಇವಳು ಕರೆದರೆ ತಿರುಗಿ ಅಜ್ಜಿಯ ಸೆರಗು ಹಿಡಿಯುತ್ತಿತ್ತು.

ಮುಂದಿನ ಯುಗಾದಿಗೆ ನಮ್ಮವರೆಲ್ಲ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದರು. ಹೊರಗೆ ಇನ್ನೂ ಹಿಮದ ಕೊಳಕು ಗುಡ್ಡೆ, ಒಳಗೆ ಬೇವು ಬೆಲ್ಲ. ಹಬ್ಬದ ದಿನವಾದರೂ ಪಂಕ್ತಿಯಲ್ಲಿ ಕೂತು ಊಟ ಮಾಡೋಣ ಎಂದು ಹಿರಿಯರು ಹಟ ಹಿಡಿದದ್ದರಿಂದ ಉದ್ದ ಮೇಜುಗಳ ಮೇಲೆ ಕಾಗದದ ಎಲೆ ಹಾಕಿದ್ದರು. ಹೋಳಿಗೆ ಬಡಿಸಲು ಬಂದವಳು ಅವಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಗುತ್ತಾ, ಮಗು ಮಾತ್ರ ಜೊತೆಗಿಲ್ಲದೆ. ನನ್ನ ಎಡಕ್ಕೆ ಕೂತವರು ಸಾಕಮ್ಮಾ, ಶುಗರ್ ಇದೆ ಎಂದರು. ಹಬ್ಬದ ದಿನ ಬೇಡ ಅನ್ನಬಾರದು ಎಂದು ಅವರ ಕೈ ಸರಿಸಿ ಎರಡು ಹಾಕಿ, ಮೇಲೆ ತುಪ್ಪ ಸುರಿದಳು. ಅವರು ಖುಷಿಯಾಗಿ ಬೈದುಕೊಂಡರು.

ನನ್ನ ಮುಂದೆ ಬಂದಳು. ನನ್ನ ಎಲೆಗೆ ಇನ್ನೂ ಒಂದು ಹೋಳಿಗೆಯೂ ಬಿದ್ದಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದೆ, ಅವಳು ಸರಿಸುತ್ತಾಳೆಂದು.

ಅವಳು ಹೋಳಿಗೆಯ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಆಯ್ತು ಅಕ್ಕಾ,” ಅಂದಳು. “ನೀವು ಬೇಡ ಅಂದ್ರೆ ನಾನು ಹಾಕಲ್ಲ.”

ಮುಂದಿನ ಎಲೆಗೆ ಹೋದಳು. ಅಲ್ಲಿ ಒತ್ತಾಯ ಮಾಡುವ ಅವಳ ದನಿ ಕೇಳಿಸುತ್ತಿತ್ತು. ನಾನು ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದೆ.